ಮುಖ ಎಲ್ಲಿ ಬರಬೇಕು

ಇಪ್ಪತ್ತು ವರ್ಷ ನಾನು ಒಂದೇ ಒಂದು ಹೆದರಿಕೆ ಇಟ್ಟುಕೊಂಡು ಬಟ್ಟೆ ಹೊಲಿದಿದ್ದೇನೆ. ಅಧ್ಯಕ್ಷರ ಮುಖ ಯಾರ ಕುಂಡಿಯ ಮೇಲೂ ಬರಬಾರದು.

ನಗಬೇಡಿ. ಅಧ್ಯಕ್ಷರ ಪಕ್ಷದ ಹಸಿರು ಬಟ್ಟೆ ಅಚ್ಚಾಗಿ ಬರುತ್ತಿದ್ದದ್ದೇ ಹಾಗೆ. ಗಜಕ್ಕೆ ಎರಡರಂತೆ ತಟ್ಟೆಯಗಲದ ಮುಖ, ಬಿಳಿ ಟೊಪ್ಪಿಗೆ, ಬಾಯಿ ತುಂಬ ನಗು. ಚುನಾವಣೆ ಹತ್ತಿರ ಬಂತೆಂದರೆ ಪಕ್ಷದವರು ಥಾನುಗಟ್ಟಲೆ ತಂದು ಓಣಿಯಲ್ಲಿ ಹಂಚುತ್ತಿದ್ದರು. ಪುಕ್ಕಟೆ ಬಟ್ಟೆ, ಆದರೆ ತೊಡದೆ ಇರುವಂತಿಲ್ಲ. ಮುಖ ಎದೆಯ ಮೇಲೆ ಒಂದು, ಬೆನ್ನ ಮೇಲೆ ಒಂದು ಸರಿಯಾಗಿ ಕೂರಬೇಕು. ಕಂಕುಳಿಗೆ ಬಂದರೆ ಬೆವರು ತಾಗುತ್ತದೆ, ಅಂಚಿಗೆ ಬಂದರೆ ಕೆಸರು ಸಿಡಿಯುತ್ತದೆ, ಹೊಲಿಗೆಯ ಮಧ್ಯೆ ಸಿಕ್ಕಿದರೆ ಮೂಗು ಸೊಟ್ಟಗಾಗುತ್ತದೆ. ಕೆಳಗೆ ಬಂತೋ, ದರ್ಜಿಯ ಕತೆ ಮುಗಿಯಿತು. ಹಾಗಾಗಿ ಎರಡು ಗಜದಲ್ಲಿ ಆಗುವ ಅಂಗಿಗೆ ನಾನು ನಾಲ್ಕು ಗಜ ಕತ್ತರಿಸುತ್ತಿದ್ದೆ. ನಮ್ಮ ಸಂತೆಯಲ್ಲಿ ಒಬ್ಬ ಮೀನಿನವನು ಅಧ್ಯಕ್ಷರ ಫೋಟೋ ಇದ್ದ ಪೇಪರಿನಲ್ಲಿ ಮೀನು ಸುತ್ತಿಕೊಟ್ಟ ಅಂತ ಸರ್ಕಾರದ ಜೀಪು ಬಂದು ಅವನನ್ನು ಎತ್ತಿಕೊಂಡು ಹೋಯಿತು. ನಾಲ್ಕು ತಿಂಗಳ ಮೇಲೆ ವಾಪಸು ಬಂದ. ಈಗಲೂ ಮೀನು ಮಾರುತ್ತಾನೆ, ಆದರೆ ಮಾತಾಡುವುದಿಲ್ಲ. ಬೆಲೆಯನ್ನು ಬೆರಳಲ್ಲೇ ತೋರಿಸುತ್ತಾನೆ.

ನಾನು ವಾಲಿ ಫಾಯ್, ಸೆರೆಕುಂದ ಪಟ್ಟಣದ ನಮ್ಮ ಓಣಿಗೆ ಇರುವ ಒಬ್ಬನೇ ದರ್ಜಿ. ಕುಲದಲ್ಲಿ ಸೆರೇರ್. ನನ್ನ ಅಂಗಡಿಯ ಎದುರಿಗೆ ಸಜ್ಜೆ-ಮೊಸರು ಮಾರುವ ಪೆಂಡಾ ಜಾಲೋ ಫುಲಾ ಕುಲದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಸೆರೇರರಿಗೂ ಫುಲರಿಗೂ ಇರುವುದು ಬಯ್ಗುಳದ ನಂಟು. ಅಜ್ಜಂದಿರ ಕಾಲದಿಂದ ಹೀಗೇ. ಅವರು ನಮ್ಮನ್ನು ಜೀತದಾಳು ಅನ್ನಬೇಕು, ನಾವು ಅವರನ್ನು ದನಗಳ್ಳರು ಅನ್ನಬೇಕು. ಸಿಟ್ಟು ಮಾಡಿಕೊಂಡವನು ಮನೆತನದ ಮರ್ಯಾದೆ ಕಳೆದ ಹಾಗೆ, ಬಯ್ದಾಗ ತಿರುಗಿ ಬಯ್ಯದವನು ಇನ್ನೂ ಕಡೆ. ಎಷ್ಟು ಬಯ್ಯುತ್ತಾರೋ ಅಷ್ಟು ಒಬ್ಬರ ಕಷ್ಟಕ್ಕೆ ಒಬ್ಬರು ಆಗಬೇಕು.

“ಲೋ ಜೀತದಾಳು, ಈಗ ಎದ್ಯಾ? ನಿಮ್ಮಪ್ಪ ನಮ್ಮ ಹಟ್ಟೀಲಿ ಸಗಣಿ ಬಾಚ್ತಿದ್ದಾಗ ಕೋಳಿ ಕೂಗೋಕೆ ಮುಂಚೆ ಏಳ್ತಿದ್ದ.”

“ಸಗಣಿ ನಿಮ್ದೇ ಇರ್ಬೋದು ಪೆಂಡಕ್ಕ, ದನ ಯಾರದ್ದು? ಮೊದ್ಲು ಅದು ಹೇಳು.”

ದಿನಾ ಬೆಳಿಗ್ಗೆ ಇದಾಗದೆ ನನಗೆ ಮಿಷನ್ ತುಳಿಯಲು ಕಾಲು ಬರುತ್ತಿರಲಿಲ್ಲ. ನನ್ನ ಹೆಂಡತಿ ತೀರಿಕೊಂಡಾಗ ಊರೆಲ್ಲ ಬಂದು ಅತ್ತು ಹೋಯಿತು. ಪೆಂಡಕ್ಕ ಒಬ್ಬಳೇ ನಲವತ್ತು ದಿನ ನನಗೂ ನನ್ನ ಇಬ್ಬರು ಮಕ್ಕಳಿಗೂ ಊಟ ಕಳಿಸಿದಳು, “ಜೀತದಾಳು ಸತ್ತರೆ ನಷ್ಟ ನನಗೇ” ಅಂತ ಬಯ್ದುಕೊಂಡು.

ಪೆಂಡಕ್ಕನೇ ನಮ್ಮ ಓಣಿಯ ಹಸಿರು ಹೆಂಗಸರ ತಂಡದ ಮುಖ್ಯಸ್ಥೆ. ಎಪ್ಪತ್ತೆರಡು ಜನ. ಅಧ್ಯಕ್ಷರು ಎಲ್ಲಿಗೇ ಬರಲಿ, ಮುಖವಿದ್ದ ಬಟ್ಟೆ ತೊಟ್ಟು, ಲಾರಿ ಹತ್ತಿ ಹೋಗಿ ಕುಣಿದು ಬರುತ್ತಿದ್ದರು.

ನಮ್ಮಲ್ಲಿ ಮತ ಹಾಕುವುದು ಗೋಲಿಯಿಂದ. ಒಂದು ಗೋಲಿ ಕೈಗೆ ಕೊಟ್ಟು ಮರೆಗೆ ಕಳಿಸುತ್ತಾರೆ. ಅಲ್ಲಿ ಮೂರು ಪೀಪಾಯಿ. ಹಸಿರು ಅಧ್ಯಕ್ಷರದ್ದು, ಬೂದಿ ಬಣ್ಣದ್ದು ಎದುರು ನಿಂತವರದ್ದು, ನೇರಳೆ ಮತ್ತೊಬ್ಬನದ್ದು. ಬೇಕಾದ್ದರ ಕೊಳವೆಗೆ ಗೋಲಿ ಬಿಟ್ಟರೆ ಒಳಗೆ ಗಂಟೆ ಟಿಣ್ ಅನ್ನುತ್ತದೆ. ಹೊರಗೆ ಕೂತ ಅಧಿಕಾರಿ ಆ ಸದ್ದು ಎಣಿಸುತ್ತಾನೆ. ಎರಡು ಸಲ ಕೇಳಿದರೆ ಕೈ ಹಿಡಿಯುತ್ತಾನೆ. ಸೈಕಲ್ ಗಂಟೆ ಕೇಳಿ ಗೊಂದಲ ಆಗಬಾರದೆಂದು ಆ ದಿನ ಮತ ಹಾಕುವ ಶಾಲೆಯ ಹತ್ತಿರ ಸೈಕಲ್ಲಿಗೂ ಪ್ರವೇಶವಿಲ್ಲ.

ಕಳೆದ ಚುನಾವಣೆಯ ದಿನ ಶಾಲೆಯ ಗೋಡೆಗೆ ಕಿವಿಯಿಟ್ಟು ಸಾಂಕುಂಗ್ ನಿಂತಿದ್ದ. ಸಾಂಕುಂಗ್ ಅಂದರೆ ಸರ್ಕಾರದ ಕಿವಿ. ಅವನ ಕೆಲಸ ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತೆಂಬುದು ಅವನಿಗೂ ಗೊತ್ತು. ನಮ್ಮ ಜೊತೆಯೇ ಕೂತು ಚಹಾ ಕುಡಿದು, ನಮ್ಮ ಎದುರಿಗೇ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದ. ಹಸಿರು ಪೀಪಾಯಿಯ ಗಂಟೆ ಸ್ವಲ್ಪ ಗಟ್ಟಿ ಅಂತ ಅವನ ವಾದ. “ಬಂದವರೆಲ್ಲ ಹಸಿರಿಗೇ ಬಿಡ್ತಾವ್ರೆ, ನಂಗೆ ಕೇಳಿಸ್ತೈತೆ” ಅಂತ ದಿನವಿಡೀ ಫೋನಿನಲ್ಲಿ ಮೇಲಿನವರಿಗೆ ಹೇಳಿದ.

ಸಂಜೆ ಎಲ್ಲರ ಕಣ್ಣೆದುರು ಪೀಪಾಯಿ ಸುರಿದು, ಗೋಲಿಗಳನ್ನು ಎಣಿಸಲು ಕುಳಿ ಕೊರೆದ ಹಲಗೆಯ ಮೇಲೆ ಜೋಡಿಸಿದರು. ಬೂದಿ ಇನ್ನೂರ ನಲವತ್ತೊಂದು. ನೇರಳೆ ಮೂವತ್ತೊಂಬತ್ತು. ಹಸಿರು ಐವತ್ತೆಂಟು.

ಪೆಂಡಕ್ಕ ಎರಡು ಸಲ ಎಣಿಸಿದಳು. ಆಮೇಲೆ ಹಿಂದೆ ತಿರುಗಿ ತನ್ನ ತಂಡವನ್ನು ನೋಡಿದಳು.

“ಅಲ್ರೇ, ನಾವೇ ಎಪ್ಪತ್ತೆರಡು ಜನ ಇದೀವಲ್ರೇ!”

ಎಪ್ಪತ್ತೊಂದು ಹೆಂಗಸರು ನೆಲ ನೋಡಿದರು. ಅವರಲ್ಲಿ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ಕುಣಿಯುತ್ತಿದ್ದ ಸೀರಾ ಎಂಬವಳು, “ಪೀಪಾಯಿಗೆ ತೂತು ಇತ್ತೋ ಏನೋ ಅಕ್ಕ, ಗೋಲಿ ಉರುಳಿ ಹೋಗಿರ್ಬೇಕು” ಅಂದಳು.

ದೇಶದ ತುಂಬ ಹಾಗೇ ಉರುಳಿ ಹೋಗಿದ್ದವು. ಶುಕ್ರವಾರ ರೇಡಿಯೋದಲ್ಲಿ ಅಧ್ಯಕ್ಷರು ಸೋತರೆಂದು ಬಂದಾಗ ಓಣಿಯಲ್ಲಿ ಒಂದು ಮಗುವೂ ಕೂಗಲಿಲ್ಲ. ಸಂಜೆ ಅವರೇ ಟೀವಿಯಲ್ಲಿ ಕಾಣಿಸಿಕೊಂಡು, ಗೆದ್ದವರಿಗೆ ಫೋನ್ ಮಾಡಿ, ನಗುನಗುತ್ತಾ ಸೋಲು ಒಪ್ಪಿಕೊಂಡರು. ಆಗಲೂ ಸದ್ದಿಲ್ಲ. ಇದು ನಮ್ಮನ್ನು ಪರೀಕ್ಷೆ ಮಾಡುವ ಉಪಾಯ ಇರಬಹುದು ಅಂತ ಎಲ್ಲರಿಗೂ ಗುಮಾನಿ. ಬಾಗಿಲು ಒಂದಿಷ್ಟೇ ತೆರೆದು, ಎದುರು ಮನೆಯವರು ಖುಷಿಪಡುತ್ತಾರೋ ಇಲ್ಲವೋ ಅಂತ ನೋಡುತ್ತ ನಿಂತರು. ಎದುರು ಮನೆಯವರೂ ಅದನ್ನೇ ನೋಡುತ್ತಿದ್ದರು. ಕೊನೆಗೆ ಯಾರದೋ ಮನೆಯಲ್ಲಿ ಪಾತ್ರೆ ಬಡಿದ ಸದ್ದಾಯಿತು. ಅಷ್ಟೇ, ಓಣಿಗೆ ಓಣಿಯೇ ಬೀದಿಗೆ ಬಿತ್ತು.

ಮಾರನೆಯ ಬೆಳಿಗ್ಗೆ ಹೊತ್ತಿಗೆ ನಮ್ಮ ಓಣಿಯಲ್ಲಿ ಅಧ್ಯಕ್ಷರಿಗೆ ಮತ ಹಾಕಿದವರು ಯಾರೂ ಉಳಿದಿರಲಿಲ್ಲ. ಆ ಐವತ್ತೆಂಟು ಗೋಲಿಗಳನ್ನು ಬೇರೆ ಊರಿನಿಂದ ಯಾರೋ ಬಂದು ಹಾಕಿ ಹೋಗಿರಬೇಕು. ಊರ ಮುಖಂಡರು ಮೊದಲಿಂದಲೂ ಅಧ್ಯಕ್ಷರ ವಿರುದ್ಧ ಒಳಗೊಳಗೇ ಹೋರಾಡುತ್ತಿದ್ದರಂತೆ. ಸಾಂಕುಂಗನಂತೂ ಚಹಾ ಬಟ್ಟಲು ಎತ್ತಿ, “ನಾನು ಬರ್ಕೊಂಡಿದ್ದೆಲ್ಲ ನಿಮ್ಮನ್ನ ಕಾಪಾಡೋಕೇ ಕಣ್ರಪ್ಪ” ಅಂದ. ಯಾರೂ ಅವನನ್ನು ಹೊಡೆಯಲಿಲ್ಲ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಟ್ಟರು. ನಾವು ಅಂಥವರು.

ನನ್ನ ಅಂಗಡಿಯ ಮುಂದೆ ಸಾಲು ನಿಂತಿತ್ತು. ಮುಖ ಕಿತ್ತು ಹಾಕಬೇಕು ಅಂತ ಮೊದಲು ಬಂದವಳು ಸೀರಾ. ನಾನು ಬ್ಲೇಡು ಹಿಡಿದಾಗ ಆಕೆಗೆ ಏನೋ ಹೊಳೆಯಿತು.

“ತಡಿ ವಾಲಣ್ಣ. ಒಳ್ಳೆ ಬಟ್ಟೆ, ಯಾಕೆ ಹಾಳು ಮಾಡ್ಬೇಕು? ಮುಖ ತೆಗೀಬೇಡ, ಜಾಗ ಬದಲಾಯ್ಸು.”

“ಎಲ್ಲಿಗೆ?”

ಆಕೆ ತಿರುಗಿ ನಿಂತು ತಟ್ಟಿ ತೋರಿಸಿದಳು.

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಂಗೂ ಹಂಗೇ”, “ನಂಗೂ ಅಲ್ಲೇ” ಅಂತ ಗದ್ದಲವೋ ಗದ್ದಲ. ಸುಳ್ಳು ಯಾಕೆ ಹೇಳಲಿ, ನನಗೆ ಆ ವಾರ ಆದಷ್ಟು ಖುಷಿ ಮದುವೆಯಲ್ಲೂ ಆಗಿರಲಿಲ್ಲ. ಇಪ್ಪತ್ತು ವರ್ಷ ಕುಂಡಿ ತಪ್ಪಿಸಿ ತಪ್ಪಿಸಿ ಕತ್ತರಿಸಿದ ಕೈ ಇದು. ಈಗ ಅಳತೆಪಟ್ಟಿ ಹಿಡಿದು ಮೂಗು ಸರಿಯಾಗಿ ನಡುವೆ ಬರುವಂತೆ, ನಡೆದಾಗ ಕೆನ್ನೆ ಎಡಬಲಕ್ಕೆ ಕುಣಿಯುವಂತೆ ಕೂರಿಸಿದೆ. ಐದು ದಿನದಲ್ಲಿ ಅರವತ್ತು ಚಿಲ್ಲರೆ. ಸಾಂಕುಂಗ್ ಕೂಡ ತನ್ನ ಪೈಜಾಮ ತಂದುಕೊಟ್ಟ. ಕೇಳದವರಿಗೂ ತಿಳಿಯಲಿ ಅಂತ ಮಾದರಿಗೊಂದು ಲಂಗ ಹೊಲಿದು, ಹಿಂಬದಿ ಬೀದಿಗೆ ಕಾಣುವಂತೆ ಅಂಗಡಿಯ ಬಾಗಿಲಿಗೆ ತೂಗುಹಾಕಿದೆ. ಅದನ್ನು ಹೊಲಿ ಅಂತ ನನಗೆ ಯಾರೂ ಹೇಳಿರಲಿಲ್ಲ.

ಪೆಂಡಕ್ಕ ಗುರುವಾರ ಬಂದಳು. ಎದೆಯ ಮೇಲೆ ಆ ಮುಖ ಹಾಗೇ ಇತ್ತು.

“ತಗೊಂಬಾ ಅಕ್ಕ, ನಿಂದು ಬಿಟ್ಟಿ ಮಾಡಿಕೊಡ್ತೀನಿ” ಅಂದೆ. “ದನಗಳ್ಳರಿಗೆ ಕಾಸು ಎಲ್ಲಿಂದ ಬರ್ಬೇಕು?”

“ಬೇಡ ಕಣೋ ಜೀತದಾಳು. ಮಗಳ ಹೆರಿಗೆ ಹೊತ್ತಲ್ಲಿ ಗಾಡಿ ಕಳಿಸಿದ್ದು ಅವನ ಕಡೆಯೋರೇ. ಹಸಿರು ಅಂದೆ, ಹಸಿರಿಗೇ ಬಿಟ್ಟೆ. ಸೋತ, ಸೋತ. ನೀವೆಲ್ಲ ಬಾಯಲ್ಲಿ ಹಸಿರು, ಕೈಯಲ್ಲಿ ಬೂದಿ.”

“ಹೆದರಿಕೆ ಇತ್ತಲ್ಲ ಅಕ್ಕ. ಮೀನಿನವನ್ನ ನೋಡಿದೀಯಲ್ಲ.”

“ನೋಡಿದೀನಿ. ಅದಕ್ಕೆ ನಿಮ್ಮ ಗೋಲಿಗೆ ನಾನೇನೂ ಅನ್ನಲ್ಲ. ಮೀನಿನವನು ಆ ಪಾಡು ಪಟ್ಟ ಮೇಲೂ ನಾನು ಕುಣಿದೆ, ಅದು ನನ್ನ ಪಾಪ. ಆದ್ರೆ ಆ ಬಾಗಿಲ ಮೇಲಿಂದು ಇಳಿಸು. ಅವನು ಕುರ್ಚಿ ಮೇಲಿದ್ದಾಗ ನೇತುಹಾಕಿದ್ರೆ ನಾನೇ ಚಪ್ಪಾಳೆ ತಟ್ತಿದ್ದೆ.”

ನಾನು ಇಳಿಸಲಿಲ್ಲ. ಅಷ್ಟು ಚೆನ್ನಾಗಿ ಬಂದಿತ್ತು.

ಮರುದಿನ ಸಂಜೆ ಅಧ್ಯಕ್ಷರು ಮತ್ತೆ ಟೀವಿಯಲ್ಲಿ ಬಂದರು. ಈ ಸಲ ನಗಲಿಲ್ಲ. ಲೆಕ್ಕದಲ್ಲಿ ತಪ್ಪಾಗಿದೆ, ಸೋಲು ಒಪ್ಪಿದ್ದು ವಾಪಸು, ತಾವು ಎಲ್ಲಿಗೂ ಹೋಗುವುದಿಲ್ಲ ಅಂದರು. ಬೀದಿಗೆ ಸೈನಿಕರು ಬಂದರು.

ಶನಿವಾರ ಬೆಳಕು ಹರಿಯುವ ಮೊದಲೇ ನನ್ನ ಬಾಗಿಲು ಬಡಿದರು. ಅದೇ ಸಾಲು, ಅದೇ ಹೆಂಗಸರು, ಕಂಕುಳಲ್ಲಿ ಅದೇ ಗಂಟು.

“ಮೇಲೆ ಹಾಕು ವಾಲಣ್ಣ, ಬೇಗ! ನಾಳೆ ಎಲ್ಲರೂ ಹಸಿರು ತೊಟ್ಟು ಮೈದಾನಕ್ಕೆ ಬರ್ಬೇಕಂತೆ.”

“ನಂದು ಮೊದ್ಲು! ನನ್ನ ಗಂಡ ಸರ್ಕಾರಿ ನೌಕರಿ!”

“ಬೇಡ ಅಂತ ಅವತ್ತೇ ಅಂದ್ಕೊಂಡೆ, ಈ ಸೀರಾ ಮಾತು ಕೇಳಿ ಕೆಟ್ಟೆ!”

ಅರವತ್ತು ಮುಖ ಬಿಚ್ಚಿ ಅರವತ್ತು ಎದೆಗೆ ಕೂರಿಸಲು ನನಗೇನು ಹತ್ತು ಕೈಯೇ? ಗಾಬರಿಯಲ್ಲಿ ಬಿಚ್ಚುತ್ತ ಹೋದಂತೆ ಯಾರ ಮುಖ ಯಾವ ಅಂಗಿಯದ್ದೋ ಎಲ್ಲ ಕಲಸಿಹೋಯಿತು. ಒಂದು ತಲೆಕೆಳಗಾಯಿತು. ಇನ್ನೊಂದಕ್ಕೆ ಮೂರು ಕಣ್ಣು ಬಂತು. ಹೀಗೆ ಒದ್ದಾಡುತ್ತಿರುವಾಗಲೇ ಓಣಿಯ ತುದಿಯಲ್ಲಿ ಜೀಪು ಕಾಣಿಸಿತು. ಮುಂದಿನ ಸೀಟಿನಲ್ಲಿ ಸಾಂಕುಂಗ್ ಕೂತಿದ್ದ, ತೊಡೆಯ ಮೇಲೆ ಪುಸ್ತಕ. ಆಗ ನನಗೆ ಬಾಗಿಲ ಮೇಲಿನ ಲಂಗ ನೆನಪಾಯಿತು. ಎದ್ದು ಇಳಿಸುವಷ್ಟರಲ್ಲಿ ಜೀಪು ಬಾಗಿಲಿಗೇ ಬಂದು ನಿಂತಿತು.

ಜೀಪಿನಿಂದಿಳಿದ ಅಧಿಕಾರಿ ಇನ್ನೂ ಹುಡುಗಾಟ ಬಿಡದ ಮುಖದವನು. ಲಂಗವನ್ನು ಕೋಲಿನಿಂದ ಎತ್ತಿ ಮುಂದೆ ನೋಡಿದ, ಹಿಂದೆ ನೋಡಿದ.

“ಯಾರ ಕೆಲಸ ಇದು?”

“ದರ್ಜೀದು ಸಾಹೇಬ್ರೆ” ಅಂದಳು ಸೀರಾ. “ತೋಳು ಬಿಗಿ ಮಾಡು ಅಂತ ಕೊಟ್ಟಿದ್ವಿ. ಇವನು ಹಿಂಗೆ ಮಾಡಿಟ್ಟವ್ನೆ.”

“ನಂದೂ ತೋಳೇ.”

“ನಂದೂ.”

“ನಾನು ಮೊದಲಿಂದಲೂ ಇವನ ಮೇಲೆ ಕಣ್ಣಿಟ್ಟಿದ್ದೆ ಸಾರ್” ಅಂದ ಸಾಂಕುಂಗ್. ಅವನ ಪೈಜಾಮ ನನ್ನ ಕಾಲ ಬಳಿಯ ರಾಶಿಯಲ್ಲೇ ಇತ್ತು.

ಒಬ್ಬ ಸೈನಿಕ ನನ್ನ ತೋಳು ಹಿಡಿದು ಎಬ್ಬಿಸಿದ. ತುಟಿಯ ನಡುವೆ ಎರಡು ಸೂಜಿ ಕಚ್ಚಿಕೊಂಡಿದ್ದೆ. ಮೀನಿನವನ ಬೆರಳುಗಳು ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ರಸ್ತೆಯ ಆ ಬದಿಯಿಂದ ಸೌಟು ಹಿಡಿದುಕೊಂಡೇ ಪೆಂಡಕ್ಕ ಬಂದಳು.

“ಏಯ್, ನನ್ನ ಜೀತದಾಳಿನ ಕೈ ಬಿಡೋ! ಏನಾದ್ರೂ ಕೇಳೋದಿದ್ರೆ ಯಜಮಾನಿ ನಾನಿದೀನಿ, ನನ್ನ ಕೇಳು.”

“ನೀವ್ಯಾರಮ್ಮ?”

“ಎದೆ ನೋಡಿದ್ರೆ ತಿಳಿಯಲ್ವೇನೋ? ಹದಿನೈದು ವರ್ಷ ಇವನಿಗೋಸ್ಕರ ಕುಣಿದು ಮಂಡಿ ಸವೆಸಿದೋಳು. ನಿನ್ನ ಮನೆತನದ ಹೆಸರೇನು, ಅದು ಹೇಳು ಮೊದ್ಲು.”

“ಜೂಫ್.”

“ಅಯ್ಯೋ ದೇವರೇ! ಇನ್ನೊಂದು ಸೆರೇರ್! ಜೀಪಲ್ಲಿ ಬಂದ್ಬಿಟ್ರೆ ಗುರುತು ಸಿಗಲ್ಲ ಅಂದ್ಕೊಂಡ್ಯಾ? ನಿಮ್ಮ ತಾತ ನಮ್ಮ ತಾತನ ಹಟ್ಟೀಲಿ ಬಿದ್ದಿದ್ದ. ಟೊಪ್ಪಿಗೆ ತೆಗೆದಿಟ್ಟು ಹೋಗಿ ಸಗಣಿ ಬಾಚು!”

ಓಣಿಯೆಲ್ಲ ಗೊಳ್ಳೆಂದು ನಕ್ಕಿತು. ಅಧಿಕಾರಿಯೂ ನಕ್ಕ, ನಗದೆ ಇರುವ ಹಾಗಿರಲಿಲ್ಲ, ಸಂಪ್ರದಾಯ. “ನೀವು ಫುಲಾನಾ? ಅದಕ್ಕೇ ಜೀಪಿನ ಚಕ್ರ ಎಣಿಸಿಕೊಳ್ಳಬೇಕು ಅನ್ನಿಸಿತು” ಅಂದ. ಮತ್ತೆ ನಗು. ನನ್ನ ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ಬದುಕಿಕೊಂಡೆ ಅಂದುಕೊಂಡೆ.

“ಹಂಗಾದ್ರೆ ಈ ಕೆಲಸ ನೀವೇ ಹೇಳಿ ಮಾಡಿಸಿದ್ದು?”

“ಮತ್ತೆ? ಸೆರೇರ್ ತಲೆಗೆ ತಾನಾಗೇ ಏನಾದ್ರೂ ಹೊಳೆಯುತ್ತೇನೋ?”

ಎಲ್ಲರಿಗಿಂತ ಜೋರಾಗಿ ನಕ್ಕವನು ಅಧಿಕಾರಿಯೇ. ಕಣ್ಣು ಒರೆಸಿಕೊಂಡು ಸಾಂಕುಂಗನಿಗೆ, “ಬರ್ಕೋ, ಒಪ್ಪಿಕೊಂಡಿದ್ದಾರೆ” ಅಂದ.

ನಗು ನಿಂತಿತು.

“ಅಮ್ಮ, ತಮಾಷೆ ನಂಗೂ ಅರ್ಥ ಆಗುತ್ತೆ. ಆದ್ರೆ ಒಬ್ಬರನ್ನಾದ್ರೂ ಕರ್ಕೊಂಡ್ ಬಾ ಅಂತ ಹೇಳಿ ಕಳಿಸಿದ್ದಾರೆ.”

ಪೆಂಡಕ್ಕ ನನ್ನ ಕಡೆ ನೋಡಿದಳು. ಕಾಪಾಡು ಅಂತ ಅಲ್ಲ. ಬಯ್ದಾಗ ತಿರುಗಿ ಬಯ್ಯುವ ಸರದಿ ನನ್ನದಾಗಿತ್ತು, ಅದಕ್ಕೆ ಕಾಯುತ್ತಿದ್ದಳು. ‘ಈ ದನಗಳ್ಳಿ ಮಾತು ನಂಬಬೇಡಿ ಸಾಹೇಬ್ರೆ, ಕೆಲಸ ನಂದು’ ಅಂದಿದ್ದರೆ ಸಾಕಾಗಿತ್ತು. ಚಿಕ್ಕ ಮಗುವಿಗೂ ಬರುವ ಮಾತು. ಸೂಜಿ ನನ್ನ ತುಟಿಯ ನಡುವೆ ಹಾಗೇ ಇತ್ತು. ನಾನದನ್ನು ತೆಗೆಯಲಿಲ್ಲ.

ಆಕೆ ಸೌಟನ್ನು ನನ್ನ ಮಿಷನ್ ಮೇಲಿಟ್ಟು, ಎದೆಯ ಮೇಲಿನ ಆ ಮುಖ ಸರಿಮಾಡಿಕೊಂಡು, ತಾನಾಗೇ ಜೀಪು ಹತ್ತಿದಳು. ಹಸಿರಿಗೇ ಗೋಲಿ ಬಿಟ್ಟೆ ಅಂತ ಹೇಳಿದ ನಮ್ಮ ಓಣಿಯ ಒಬ್ಬಳೇ ಹೆಂಗಸನ್ನು, ಹಸಿರಿಗೆ ಅವಮಾನ ಮಾಡಿದಳೆಂದು ಕರೆದುಕೊಂಡು ಹೋದರು. ಅರವತ್ತು ಹೆಂಗಸರು ನೋಡುತ್ತ ನಿಂತಿದ್ದರು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಸೀರಾ ಕೇಳಿದಳು, “ನಂದು ಮಧ್ಯಾಹ್ನಕ್ಕೆ ಆಗುತ್ತಾ?”

ಆಯಿತು. ಎಲ್ಲರದ್ದೂ ಆಯಿತು. ಊಟ ಬಿಟ್ಟು ಹೊಲಿದೆ.

ಆರು ವಾರ ಕಳೆಯಿತು. ಪೆಂಡಕ್ಕನ ಮಗಳು ಜೈಲಿನ ಬಾಗಿಲಿಗೆ ಹೋಗಿ ಹೋಗಿ ಬರುತ್ತಿದ್ದಳು. ನಾನು ಪ್ರತಿ ದಿನ ನಾಳೆ ಹೋಗಿ ನಿಜ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಮಕ್ಕಳಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಪೆಂಡಕ್ಕನಿಗೂ ಮಕ್ಕಳಿದ್ದರು. ಜನವರಿಯಲ್ಲಿ ಅಕ್ಕಪಕ್ಕದ ದೇಶಗಳ ಸೈನ್ಯ ಬಂದು ನಿಂತ ಮೇಲೆ ಅಧ್ಯಕ್ಷರು ವಿಮಾನ ಹತ್ತಿದರು. ಆ ವಾರವೇ ಜೈಲಿನ ಬಾಗಿಲು ತೆರೆಯಿತು.

ಪೆಂಡಕ್ಕನನ್ನು ಓಣಿಗೆ ಹೆಗಲ ಮೇಲೆ ಹೊತ್ತು ತಂದರು. ದೊರೆಯ ಮುಖವನ್ನು ಇಡಬೇಕಾದ ಕಡೆ ಇಡಿಸಿದ ಧೀರೆ ಅಂತ ಜೈಕಾರ. ಮುಂದೆ ನಿಂತು ಕುಣಿಯುತ್ತಿದ್ದವಳು ಸೀರಾ. ಊರ ಮುಖಂಡರು ಭಾಷಣ ಮಾಡಿದರು. ಸಾಂಕುಂಗ್ ಕಣ್ಣೀರು ಹಾಕಿದ. ಆಕೆ ತುಂಬ ಇಳಿದುಹೋಗಿದ್ದಳು. ನನ್ನ ಕೈ ಹೊಲಿದ ಅಂಗಿ ಭುಜದಿಂದ ಜಾರುತ್ತಿತ್ತು.

“ಇಳಿಸ್ರೋ ನನ್ನ” ಅಂದಳು. “ನಾನು ಹಸಿರಿಗೆ ಗೋಲಿ ಬಿಟ್ಟೋಳು.”

“ಅಕ್ಕನ ತಮಾಷೆ ಜೈಲಲ್ಲೂ ಹೋಗಿಲ್ಲ ನೋಡ್ರೋ!” ಅಂತ ಜನ ಇನ್ನೂ ಜೋರಾಗಿ ಕೂಗಿದರು.

ನನಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದೆ. “ಆಕೆ ಹೇಳಿರ್ಲಿಲ್ಲ! ಬೇಡ ಅಂದಿದ್ಲು! ಮುಖ ಕೆಳಗೆ ಹಾಕಿದ್ದು ನಾನು, ಬಾಗಿಲಿಗೆ ತೂಗುಹಾಕಿದ್ದೂ ನಾನು. ಆಕೆನ ಕರ್ಕೊಂಡು ಹೋದಾಗ ಬಾಯಿ ಮುಚ್ಕೊಂಡು ನಿಂತಿದ್ದೆ!”

ಗುಂಪಿನಿಂದ ಯಾರೋ, “ಅಂದ್ರೆ ಮಾಡಿದ್ದು ವಾಲಣ್ಣನೇ! ವಾಲಿ ಫಾಯ್‌ಗೆ ಜಯವಾಗಲಿ!” ಅಂದರು. ಪೆಂಡಕ್ಕನನ್ನು ಇಳಿಸಿ ನನ್ನನ್ನು ಎತ್ತಿಕೊಂಡರು. ಒದ್ದಾಡಿದೆ, ಬಿಡಲಿಲ್ಲ. ಜನರ ತಲೆಗಳ ಮೇಲಿನಿಂದ ನೋಡಿದಾಗ ಆಕೆ ಒಬ್ಬಳೇ ಮಗಳ ಕೈ ಹಿಡಿದು ಮನೆಯ ಕಡೆ ನಡೆಯುತ್ತಿದ್ದಳು.

ಮಾರನೆಯ ಬೆಳಿಗ್ಗೆ ಬೇಗ ಎದ್ದು ಅಂಗಡಿ ತೆರೆದೆ. ಆಕೆ ಮೊಸರಿನ ಬುಟ್ಟಿ ಇಳಿಸುತ್ತಿದ್ದಳು. ಸೌಟನ್ನು ತೊಳೆದು ಒರೆಸಿ ಇಟ್ಟುಕೊಂಡಿದ್ದೆ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಬಯ್ಯಲಿ, ಮನಸಾರೆ ಬಯ್ಯಲಿ ಅಂತ ಕಾದೆ.

“ಸಲಾಂ ಫಾಯ್ ಅವರೇ” ಅಂದಳು. “ಮನೇಲಿ ಎಲ್ಲ ಕ್ಷೇಮ ತಾನೇ? ಮಕ್ಕಳು ಆರೋಗ್ಯವಾಗಿದ್ದಾರಾ?”

“ಏ ದನಗಳ್ಳಿ” ಅಂದೆ. “ಜೈಲಲ್ಲಿ ಎಷ್ಟು ಹಸು ಕದ್ದೆ?”

ಆಕೆ ಅಪರಿಚಿತರಿಗೆ ನಗುವಂತೆ ಮೆಲ್ಲಗೆ ನಕ್ಕಳು. “ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ” ಅಂದಳು.

ಎರಡು ವರ್ಷವಾಯಿತು. ನಾನು ದಿನಾ ಬೆಳಿಗ್ಗೆ ಆಕೆಯನ್ನು ಬಯ್ಯುತ್ತೇನೆ. ಆಕೆ ದಿನಾ ನನ್ನ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಾಳೆ.